ಇನಿಷಿಯಲ್, ಎ1, ಮೂವತ್ತು ದಿನದ ನೋಟಿಸು: ಜರ್ಮನ್ ಸಂಗಾತಿಯನ್ನು ಮದುವೆಯಾಗಿ ಹೊರಡುವವರಿಗೆ

ಜರ್ಮನ್ ಪ್ರಜೆಯನ್ನು ಮದುವೆಯಾಗಿ ಅಲ್ಲಿಗೆ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ವೀಸಾಕ್ಕೆ ಎಷ್ಟು ದಿನ ಹಿಡಿಯುತ್ತೆ? ಅರ್ಜಿ ಕೊಟ್ಟ ಮೇಲಿನ ಕಾಯುವಿಕೆ ಯಾರ ಕೈಯಲ್ಲೂ ಇಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಂಡು ಪ್ರಯೋಜನವಿಲ್ಲ. ಅದಕ್ಕೂ ಮುಂಚೆ ಊರಲ್ಲೇ ಸೋರಿಹೋಗುವ ತಿಂಗಳುಗಳಿವೆಯಲ್ಲ, ಅವು ನಮ್ಮವು. ಸೋರುವ ಜಾಗಗಳೂ ಮೂರೇ: ಮದುವೆಯನ್ನು ಯಾವ ಕಾಯಿದೆಯಡಿ ಮಾಡಿಕೊಂಡಿರಿ, ಕಾಗದಗಳಲ್ಲಿ ನಿಮ್ಮ ಹೆಸರು ಹೇಗೆ ಬರೆದಿದೆ, ಎ1 ಎಂಬ ಮೊದಲ ಮಟ್ಟದ ಜರ್ಮನ್ ಭಾಷಾ ಪರೀಕ್ಷೆಗೆ ಯಾವಾಗ ಕೂತಿರಿ. ಬಹುಪಾಲು ಜನ ಇವನ್ನು ಒಂದಾದ ಮೇಲೊಂದು ಮಾಡುತ್ತಾರೆ. ಮೂರನ್ನೂ ಒಟ್ಟಿಗೆ, ಮದುವೆ ಮಾತು ಗಟ್ಟಿಯಾದ ದಿನವೇ ಶುರು ಮಾಡಬೇಕು.

ಕರ್ನಾಟಕದಲ್ಲಿ ವಾಸವಿರುವ ಹುಡುಗಿ ಅಥವಾ ಹುಡುಗ, ಜರ್ಮನಿಯಲ್ಲಿ ನೆಲೆಸಿರುವ ಜರ್ಮನ್ ಪ್ರಜೆ, ಮದುವೆಯಾದ ಮೇಲೆ ಬದುಕು ಅಲ್ಲಿ. ಇಲ್ಲಿ ಬರೆದಿರುವುದು ಈ ಜೋಡಿಗೆ. ಜರ್ಮನಿಯಲ್ಲಿ ಕೆಲಸದಲ್ಲಿರುವ ಭಾರತೀಯರನ್ನೇ ಮದುವೆಯಾಗುವವರಿಗೆ ಕೆಲವು ನಿಯಮ ಬೇರೆ, ಅದು ಬಂದಾಗ ಹೇಳುತ್ತೇನೆ.

ಧಾರೆ ಎಲ್ಲಾದರೂ ಎರೆಯಿರಿ, ಸಹಿ ಮಾತ್ರ ವಿಶೇಷ ವಿವಾಹ ಕಾಯಿದೆಯಡಿ

ದೇವಸ್ಥಾನದಲ್ಲಿ ಮದುವೆ ಮಾಡಿ, ಲಗ್ನಪತ್ರಿಕೆ, ಫೋಟೊ ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದರೆ ಆಯಿತು ಎಂದುಕೊಳ್ಳುವುದು ಸಹಜ. ಮನೆಯಲ್ಲಿ ಎಲ್ಲರೂ ಹಾಗೇ ಮಾಡಿರುತ್ತಾರೆ. ಆದರೆ 1955ರ ಹಿಂದೂ ವಿವಾಹ ಕಾಯಿದೆ ಅನ್ವಯಿಸುವುದು ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಬೌದ್ಧ, ಜೈನ, ಸಿಖ್ಖರೂ ಅದರೊಳಗೇ ಬರುತ್ತಾರೆ. ಹಿಂದೂ ಮತ್ತು ಕ್ರೈಸ್ತರ ನಡುವೆ ಹಿಂದೂ ವಿಧಿಯಲ್ಲಿ ನಡೆದ ಮದುವೆ ಆ ಕಾಯಿದೆಯಡಿ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಸಂಗಾತಿ ‘ನನಗೆ ಯಾವ ಧರ್ಮವೂ ಇಲ್ಲ’ ಎಂದರೂ ಅವರು ಹಿಂದೂ ಆಗುವುದಿಲ್ಲವಲ್ಲ. ಯಾರೋ ಒಬ್ಬ ಏಜೆಂಟ್ ಹಿಂದೂ ವಿವಾಹ ಕಾಯಿದೆಯ ಪ್ರಮಾಣಪತ್ರವನ್ನೇ ಮಾಡಿಸಿಕೊಟ್ಟರೆ ಅದು ಬುಡವಿಲ್ಲದ ಕಾಗದ. ವೀಸಾ ಅರ್ಜಿ ಹಾಕಿದ ಮೇಲೆ ಅದು ಬಯಲಾದರೆ ಮದುವೆಯಿಂದಲೇ ಮತ್ತೆ ಆರಂಭ.

ಸರಿಯಾದ ದಾರಿ 1954ರ ವಿಶೇಷ ವಿವಾಹ ಕಾಯಿದೆ. ಇಬ್ಬರಲ್ಲಿ ಒಬ್ಬರು ನೋಟಿಸು ಕೊಡುವ ದಿನಕ್ಕೆ ಹಿಂದಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದಿರಬೇಕು. ಇಲ್ಲಿನವರದ್ದೇ ವಿಳಾಸ ಸಾಕು, ಜರ್ಮನ್ ಸಂಗಾತಿ ಬಂದು 30 ದಿನ ಇರಬೇಕೆಂದಿಲ್ಲ. ನೋಟಿಸಿಗೆ ಇಬ್ಬರ ಸಹಿಯೂ ಬೇಕು. ಅದನ್ನು ಕಚೇರಿಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 30 ದಿನ ಬಿಟ್ಟು, ಆಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಸತ್ತಂತೆ, ಹೊಸದಾಗಿ ಕೊಡಬೇಕು.

ಈ 30 ದಿನದ ಲೆಕ್ಕದಲ್ಲೇ ಎಡವುವುದು. ಜರ್ಮನ್ ಸಂಗಾತಿ 30 ದಿನದ ಇ-ಪ್ರವಾಸಿ ವೀಸಾದಲ್ಲಿ ಬಂದು, ಇಳಿದ ಮರುದಿನವೇ ನೋಟಿಸು ಕೊಟ್ಟರೂ ಅವಧಿ ಮುಗಿಯುವಷ್ಟರಲ್ಲಿ ವೀಸಾ ಮುಗಿದಿರುತ್ತದೆ. ಒಂದು ವರ್ಷದ ಇ-ಪ್ರವಾಸಿ ವೀಸಾ ತೆಗೆದುಕೊಂಡು 40–45 ದಿನ ಇರುವಂತೆ ಬರಲಿ. ಇಲ್ಲವೇ ಎರಡು ಸಲ ಬರಲಿ: ನೋಟಿಸಿಗೆ ಒಮ್ಮೆ, ಮೂರು ತಿಂಗಳೊಳಗೆ ಮದುವೆಗೆ ಇನ್ನೊಮ್ಮೆ. ಛತ್ರ ಗೊತ್ತು ಮಾಡುವ ಮುಂಚೆ ಈ ಲೆಕ್ಕ ಮುಗಿದಿರಲಿ. ಮುಹೂರ್ತಕ್ಕೂ ನೋಂದಣಿ ದಿನಕ್ಕೂ ತಾಳೆಯಾಗಬೇಕೆಂದಿಲ್ಲ, ಆದರೆ ಮುಂದಿನ ಎಲ್ಲ ಅರ್ಜಿಗಳಲ್ಲೂ ‘ಮದುವೆಯ ದಿನಾಂಕ’ ಎಂದರೆ ಪ್ರಮಾಣಪತ್ರದಲ್ಲಿರುವ ದಿನಾಂಕವೇ. ಗಂಡ ನೋಂದಣಿಯ ದಿನಾಂಕ, ಹೆಂಡತಿ ಧಾರೆಯ ದಿನಾಂಕ ಬರೆದು, ‘ನಿಮ್ಮ ಮದುವೆ ನಡೆದದ್ದು ಯಾವತ್ತು?’ ಎಂದು ಕೇಳಿಸಿಕೊಳ್ಳುವುದು ತೀರಾ ಮಾಮೂಲು.

ಇನ್ನೊಂದು ಮಾತು. ನೋಟಿಸು ಕೊಟ್ಟ ಜಿಲ್ಲೆಯಲ್ಲಿ ಖಾಯಂ ವಾಸವಿಲ್ಲದವರ ನೋಟಿಸಿನ ಪ್ರತಿಯನ್ನು ಅವರ ಖಾಯಂ ವಿಳಾಸದ ಜಿಲ್ಲೆಗೂ ಕಳಿಸಬೇಕೆಂದು ಕಾಯಿದೆಯಲ್ಲೇ ಇದೆ. ಬೆಂಗಳೂರಲ್ಲಿ ನೋಟಿಸು ಕೊಟ್ಟು, ಖಾಯಂ ವಿಳಾಸ ಹಾಸನದ್ದಾದರೆ ಹಾಸನದ ಗೋಡೆಯ ಮೇಲೂ ಅದು ಅಂಟುತ್ತದೆ. ಮನೆಯಲ್ಲಿ ಇನ್ನೂ ಹೇಳಿಲ್ಲದವರು ಇದನ್ನು ಗಮನದಲ್ಲಿಡಿ.

ಜರ್ಮನ್ ಸಂಗಾತಿಯಿಂದ ‘ಮದುವೆಗೆ ಅಡ್ಡಿಯಿಲ್ಲ’ ಎಂಬ ಪತ್ರ ಕೇಳುತ್ತಾರೆ. ಅದನ್ನು ಕೊಡುವುದು ಅವರೂರಿನ ಶ್ಟಾಂಡೆಸ್‌ಆಮ್ಟ್, ಅಂದರೆ ಅಲ್ಲಿನ ವಿವಾಹ ನೋಂದಣಿ ಕಚೇರಿ, ಹೆಸರು ಎಹೆಫೆಹಿಗ್‌ಕೈಟ್ಸ್‌ತ್ಸೊಯ್ಗ್ನಿಸ್. ಉಚ್ಚರಿಸಲು ಬಂದರೆ ಎ1 ಅರ್ಧ ಪಾಸಾದಂತೆ. ಇದರ ಆಯುಸ್ಸು ಆರೇ ತಿಂಗಳು. ಜೊತೆಗೆ ಇದನ್ನು ಕೊಡಲು ಆ ಕಚೇರಿ ನಿಮ್ಮ ಜನನ ಪ್ರಮಾಣಪತ್ರ, ನೀವು ಅವಿವಾಹಿತರೆಂಬ ದಾಖಲೆಯನ್ನೂ ಕೇಳುತ್ತದೆ. ಅಂದರೆ ನಿಮ್ಮ ಕಾಗದ ಸಿದ್ಧವಿಲ್ಲದೆ ಅವರ ಕಾಗದ ಹೊರಡುವುದಿಲ್ಲ. ಹಾಗಾಗಿ ಮದುವೆ ಮಾಡಿಸುವ ನೋಂದಣಿ ಕಚೇರಿ ಯಾವ ಪತ್ರವನ್ನು ಒಪ್ಪುತ್ತದೆ ಎಂದು ಮೊದಲೇ ಹೋಗಿ ಕೇಳಿ. ಒಂದು ಕಚೇರಿ ಒಪ್ಪಿದ್ದನ್ನು ಪಕ್ಕದ ಕಚೇರಿ ಒಪ್ಪುವುದಿಲ್ಲ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ವಿಚ್ಛೇದನವಾಗಿದ್ದರೆ ಡಿಕ್ರಿಯ ಪ್ರಮಾಣೀಕೃತ ಪ್ರತಿ ತೆಗೆದಿಡಿ. ಭಾರತದ ಕೋರ್ಟಿನ ವಿಚ್ಛೇದನಕ್ಕೆ ಜರ್ಮನಿಯ ರಾಜ್ಯ ನ್ಯಾಯಾಡಳಿತದಿಂದ ಪ್ರತ್ಯೇಕ ಮಾನ್ಯತೆ ಪಡೆಯಬೇಕಾಗಬಹುದು. ಅದು ತಾನೇ ಒಂದು ಅರ್ಜಿ, ತಾನೇ ಒಂದು ಕಾಯುವಿಕೆ.

ಪ್ರಮಾಣಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಒಂದೊಂದೇ ಅಕ್ಷರ ಓದಿ. ಜರ್ಮನ್ ಹೆಸರಿನಲ್ಲಿ ಮೇಲೆ ಎರಡು ಚುಕ್ಕೆಯ ‘ಯು’ ಇದ್ದರೆ ನಮ್ಮ ಟೈಪಿಸ್ಟ್ ಚುಕ್ಕೆ ಬಿಟ್ಟು ಬರೀ ‘ಯು’ ಹಾಕುತ್ತಾರೆ. ಜರ್ಮನ್ನರ ಕಣ್ಣಲ್ಲಿ ಅದು ಬೇರೆಯೇ ಹೆಸರು. ಪಾಸ್‌ಪೋರ್ಟ್ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಅಲ್ಲಿ ಆ ಅಕ್ಷರ ‘ಯುಇ’ ಎಂದು ಬಿಡಿಸಿ ಅಚ್ಚಾಗಿರುತ್ತದೆ. ಹಾಗೇ ಬರೆಸಿ. ಕಚೇರಿ ಬಿಟ್ಟು ಹೊರಬಂದ ಮೇಲೆ ತಿದ್ದುಪಡಿ ಎಂದರೆ ಮತ್ತೆ ಅಲೆದಾಟ.

ಅಲ್ಲಿಗೇ ಹೋಗಿ ಮದುವೆಯಾದರೆ ಹೇಗೆ? ಆಗಬಹುದು, ಅದಕ್ಕೆ ಬೇರೆ ವೀಸಾ ಇದೆ. ಆದರೆ ಅದಕ್ಕೂ ಎ1 ಬೇಕು. ಜರ್ಮನಿ ಕೇಳುವ ನಮೂನೆಯ ‘ಅಡ್ಡಿಯಿಲ್ಲ’ ಪತ್ರವನ್ನು ಭಾರತ ಕೊಡುವುದಿಲ್ಲವಾದ್ದರಿಂದ ಅಲ್ಲಿನ ಪ್ರಾಂತೀಯ ಉಚ್ಚ ನ್ಯಾಯಾಲಯದಿಂದ ವಿನಾಯಿತಿ ಪಡೆಯಬೇಕು, ಅದಕ್ಕೂ ಮೊದಲು ನಿಮ್ಮ ಕಾಗದಗಳ ತನಿಖೆ ಆಗಬೇಕು. ಡೆನ್ಮಾರ್ಕಿನಲ್ಲಿ ಬೇಗ ಮದುವೆ ಮುಗಿಯುತ್ತದೆ ಎಂಬುದು ನಿಜ, ಆ ಮದುವೆ ಜರ್ಮನಿಯಲ್ಲಿ ಸಿಂಧು ಎಂಬುದೂ ನಿಜ. ಆದರೆ ಶೆಂಗೆನ್ ಪ್ರವಾಸಿ ವೀಸಾದಲ್ಲಿ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಅಲ್ಪಾವಧಿ ವೀಸಾದಲ್ಲಿ ಹೋಗಿ ಹಾಗೆ ಮದುವೆಯಾದವರಿಗೆ ಜರ್ಮನಿಯೊಳಗೇ ವಾಸದ ಪರವಾನಗಿ ಕೊಡಲು ಕಚೇರಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ‘ವಾಪಸು ಹೋಗಿ ಸರಿಯಾದ ವೀಸಾದಲ್ಲಿ ಬನ್ನಿ’ ಎನ್ನುತ್ತಾರೆ. ಇಬ್ಬರಿಗೂ ಅನುಕೂಲವಿದ್ದರೆ ಇಲ್ಲೇ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗಿ ಹೋಗುವುದೇ ಹತ್ತಿರದ ದಾರಿ.

ಹೆಸರೆಂಬ ಗೋಜಲು

ಕನ್ನಡದವರಿಗೆ ಅತಿ ಹೆಚ್ಚು ತಲೆನೋವು ತರುವುದು ಇದೇ. ನಮ್ಮಲ್ಲಿ ಸರ್‌ನೇಮ್ ಇಲ್ಲದವರು ಲೆಕ್ಕವಿಲ್ಲದಷ್ಟು. ‘ಎಚ್. ಎನ್. ಸವಿತಾ’ ಎಂಬ ಹೆಸರಿನಲ್ಲಿ ಎಚ್ ಅಂದರೆ ಹಾಸನ, ಎನ್ ಅಂದರೆ ಅಪ್ಪ ನಾರಾಯಣ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಸವಿತಾ ಎಚ್ ಎನ್’. ಆಧಾರ್‌ನಲ್ಲಿ ಬರೀ ‘ಸವಿತಾ’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿದ್ದರಿಂದ ‘ಸವಿತಾ ಹಾಸನ ನಾರಾಯಣ’, ಸರ್‌ನೇಮ್ ಜಾಗ ಖಾಲಿ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲ, ‘ಹೆಣ್ಣು’ ಎಂದಷ್ಟೇ ಇದೆ. ನಮಗೆ ಈ ನಾಲ್ವರೂ ಒಬ್ಬಳೇ. ಜರ್ಮನ್ ಅಧಿಕಾರಿಗೆ ನಾಲ್ಕು ಜನ.

ನಮ್ಮ ಮೊದಲ ಯೋಚನೆ ನೋಟರಿ ಹತ್ತಿರ ಹೋಗಿ ‘ಈ ಎಲ್ಲ ಹೆಸರುಗಳೂ ಒಬ್ಬರವೇ’ ಎಂದು ಅಫಿಡವಿಟ್ ಮಾಡಿಸುವುದು. ಬ್ಯಾಂಕಿಗೆ ಅದು ಸಾಕು. ಜರ್ಮನ್ ಕಚೇರಿಗೆ ಅದು ನಿಮ್ಮದೇ ಹೇಳಿಕೆ, ಪುರಾವೆಯಲ್ಲ. ಮೂಲ ದಾಖಲೆಯನ್ನೇ ತಿದ್ದಿಸುವುದು ನಿಧಾನ, ಆದರೆ ನಿಲ್ಲುವುದು ಅದೇ. ತಿದ್ದುವಾಗ ಎಲ್ಲವನ್ನೂ ಹೊಸದೊಂದು ಚಂದದ ಹೆಸರಿಗೆ ಎಳೆಯಲು ಹೋಗಬೇಡಿ. ಬದಲಾಯಿಸಲು ಅತಿ ಕಷ್ಟವಾದ ದಾಖಲೆ ಯಾವುದೋ ಅದನ್ನು ಗೂಟವೆಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಕಟ್ಟಿ. ಸಾಮಾನ್ಯವಾಗಿ ಆ ಗೂಟ ಪಾಸ್‌ಪೋರ್ಟು ಮತ್ತು ಮಾರ್ಕ್ಸ್ ಕಾರ್ಡು. ಆಧಾರ್ ತಿದ್ದುವುದು ಅವೆರಡಕ್ಕಿಂತ ಹಗುರ.

ಜನನ ಪ್ರಮಾಣಪತ್ರ ತಪ್ಪದೇ ಬೇಕು. ಅದರಲ್ಲಿ ಹೆಸರಿಲ್ಲದಿದ್ದರೆ ನೋಂದಣಿ ಮಾಡಿದ ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ಆಸ್ಪತ್ರೆಯ ವ್ಯಾಪ್ತಿಯ ಕಚೇರಿಗೆ ಮೊದಲು ಹೋಗಿ. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಹೆಸರು ಸೇರಿಸಲು ಅವಕಾಶವಿದೆ, ಆದರೆ ಅದಕ್ಕೆ ವರ್ಷಗಳ ಮಿತಿಯೂ ಇದೆ. ಜನನವೇ ನೋಂದಣಿಯಾಗಿಲ್ಲದಿದ್ದರೆ ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 28ನೇ ವಯಸ್ಸಿಗೆ ನೋಂದಣಿಯಾದ ಜನನವನ್ನು ಜರ್ಮನ್ನರು ಅನುಮಾನದಿಂದಲೇ ನೋಡುತ್ತಾರೆ. ಅದರ ಜೊತೆ ಶಾಲೆಯ ದಾಖಲಾತಿ ಪುಸ್ತಕದ ಪ್ರತಿ, ಎಸ್ಸೆಸ್ಸೆಲ್ಸಿ ಕಾರ್ಡು ಇಡಿ. ಅಪ್ಪ ಅಮ್ಮನ ಹೆಸರನ್ನೂ ನೋಡಿಕೊಳ್ಳಿ: ಒಂದು ಕಡೆ ‘ಲಕ್ಷ್ಮಮ್ಮ’, ಇನ್ನೊಂದು ಕಡೆ ‘ಲಕ್ಷ್ಮಿ’, ಒಂದು ಕಡೆ ‘ತಿಮ್ಮಯ್ಯ’, ಇನ್ನೊಂದು ಕಡೆ ‘ತಿಮ್ಮೇಗೌಡ’ ಇದ್ದರೆ ತನಿಖೆಗೆ ಬಂದವರು ಮೊದಲು ಹಿಡಿಯುವುದು ಅದನ್ನೇ.

ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟಿನಿಂದ ವೀಸಾ ನಿಲ್ಲುವುದಿಲ್ಲ. ಅಲ್ಲಿ ಹೋದ ಮೇಲೆ ಫಾರ್ಮುಗಳು ಗೊಂದಲ ಮಾಡುತ್ತವೆ ಅಷ್ಟೆ. ಅಪ್ಪನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿಸಿಕೊಂಡವರನ್ನು ಅಲ್ಲಿ ಎಲ್ಲರೂ ‘ಫ್ರಾವ್ ನಾರಾಯಣ’, ಅಂದರೆ ‘ಶ್ರೀಮತಿ ನಾರಾಯಣ’ ಎಂದೇ ಕರೆಯುತ್ತಾರೆ, ಅದಕ್ಕೆ ಸಿದ್ಧರಿರಬೇಕು. ಇದಕ್ಕೆ ಪರಿಹಾರ ಶ್ಟಾಂಡೆಸ್‌ಆಮ್ಟ್‌ನಲ್ಲೇ ಇದೆ. ಒಂದೇ ಸರಣಿಯ ಹೆಸರನ್ನು ‘ಮೊದಲ ಹೆಸರು’, ‘ಕುಟುಂಬದ ಹೆಸರು’ ಎಂದು ಭಾಗ ಮಾಡುವ ಘೋಷಣೆಗೆ ಜರ್ಮನ್ ಕಾನೂನಿನಲ್ಲಿ ಅವಕಾಶವಿದೆ. ಭಾರತದಲ್ಲಿ ಆದ ಮದುವೆಯನ್ನು ಅಲ್ಲಿನ ದಾಖಲೆಗೆ ಸೇರಿಸಬಹುದು, ಆಗ ಇಬ್ಬರಿಗೂ ಒಂದೇ ಕುಟುಂಬ ಹೆಸರನ್ನು ಆರಿಸಿಕೊಳ್ಳಬಹುದು. ಮಕ್ಕಳಾಗುವ ಮುಂಚೆ ಇದನ್ನು ಮುಗಿಸಿಕೊಂಡರೆ ಮಗುವಿನ ಜನನ ಪ್ರಮಾಣಪತ್ರದ ಹೊತ್ತಿಗೆ ಜಗ್ಗಾಟವಿರುವುದಿಲ್ಲ. ವೀಸಾ ಬರುವ ಮುಂಚೆ ಮಾತ್ರ ಗಂಡನ ಹೆಸರು ಸೇರಿಸಿ ಹೊಸ ಪಾಸ್‌ಪೋರ್ಟು ಮಾಡಿಸಬೇಡಿ. ಎ1 ಪ್ರಮಾಣಪತ್ರ ಹಳೆ ಹೆಸರಲ್ಲಿ, ಪಾಸ್‌ಪೋರ್ಟು ಹೊಸ ಹೆಸರಲ್ಲಿ, ಮದುವೆ ಪ್ರಮಾಣಪತ್ರದಲ್ಲಿ ಮೂರನೆಯದು. ಹೀಗಾಗುವುದಕ್ಕೆ ಆತುರವೇ ಕಾರಣ.

ಅಪೊಸ್ಟಿಲ್ ಎಂಬ ದಂಡದ ಖರ್ಚು

ಜರ್ಮನಿಗೆ ಹೋಗುವವರ ಬಳಿ ಏಜೆಂಟರು ಮೊದಲು ಮಾರುವುದು ಅಪೊಸ್ಟಿಲ್, ಅಂದರೆ ದಾಖಲೆ ಅಸಲಿಯೆಂದು ಬೇರೆ ದೇಶಕ್ಕೆ ತೋರಿಸಲು ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆ. ಭಾರತ 2005ರಲ್ಲಿ ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿತು, ಜರ್ಮನಿಯೂ ಅದರಲ್ಲಿದೆ. ಆದರೆ ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಸಲ್ಲಿಸಿರುವುದರಿಂದ ಇವೆರಡು ದೇಶಗಳ ನಡುವೆ ಅದು ಜಾರಿಯಲ್ಲಿಲ್ಲ. ಅಪೊಸ್ಟಿಲ್‌ಗೆ ವಿದೇಶಾಂಗ ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಏಜೆಂಟರ ಬಿಲ್ಲು ಸಾವಿರಗಳಲ್ಲಿ. ಜರ್ಮನ್ ಕೌಂಟರಿನಲ್ಲಿ ಆ ಮುದ್ರೆಗೆ ಬೆಲೆ ಸೊನ್ನೆ.

ಅದರ ಬದಲು ಅವರು ಮಾಡುವುದು ದಾಖಲೆಗಳ ತನಿಖೆ. ಜರ್ಮನಿಯ ಕಚೇರಿಗೆ ಬೇಕೆನಿಸಿದರೆ ಕಾನ್ಸುಲೇಟಿಗೆ ಹೇಳುತ್ತದೆ. ಕಾನ್ಸುಲೇಟು ನಂಬಿಕೆಯ ವಕೀಲರೊಬ್ಬರನ್ನು ನೋಂದಣಿ ಕಚೇರಿಗೆ, ಶಾಲೆಗೆ, ಕೆಲವೊಮ್ಮೆ ಊರಿಗೇ ಕಳಿಸಿ ವಿಚಾರಿಸುತ್ತದೆ. ಖರ್ಚು ಅರ್ಜಿದಾರರದ್ದು, ಹಿಡಿಯುವುದು ತಿಂಗಳುಗಳು. ಊರಲ್ಲಿ ಮನೆಯವರಿಗೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ‘ಆ ಹುಡುಗಿಯಾ? ನಮಗೇನೂ ಗೊತ್ತಿಲ್ಲ ಸ್ವಾಮಿ’ ಎಂದು ಪಕ್ಕದ ಮನೆಯವರು ನಿಮ್ಮ ಒಳ್ಳೆಯದಕ್ಕೇ ಜಾರಿಕೊಂಡರೂ ವರದಿಯಲ್ಲಿ ಅದು ಒಳ್ಳೆಯದಾಗಿ ಕಾಣುವುದಿಲ್ಲ.

ಎ1: ಸಣ್ಣ ಪರೀಕ್ಷೆ, ದೊಡ್ಡ ಬಾಗಿಲು

ಇಲ್ಲೊಂದು ವಿಚಿತ್ರವಿದೆ. ಬ್ಲೂ ಕಾರ್ಡ್, ಅಂದರೆ ನುರಿತ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ ಹೊಂದಿರುವ ಭಾರತೀಯ ಇಂಜಿನಿಯರನ್ನು ಮದುವೆಯಾಗಿ ಹೋಗುವವರಿಗೆ ಜರ್ಮನ್ ಭಾಷೆಯ ಷರತ್ತಿಲ್ಲ. ಜರ್ಮನ್ ಪ್ರಜೆಯನ್ನೇ ಮದುವೆಯಾಗುವ ಭಾರತೀಯರಿಗೆ ಇದೆ. ಆ ಜರ್ಮನ್ ಪ್ರಜೆ ಬೇರೆ ಐರೋಪ್ಯ ಒಕ್ಕೂಟದ ದೇಶದಲ್ಲಿ ನೆಲೆಸಿದ್ದು ವಾಪಸಾಗುತ್ತಿದ್ದರೆ, ಅಥವಾ ನೀವು ಪದವೀಧರರಾಗಿದ್ದು ಅಲ್ಲಿ ಸಲೀಸಾಗಿ ಹೊಂದಿಕೊಳ್ಳುವಿರೆಂದು ಅಧಿಕಾರಿಗೆ ಮನವರಿಕೆಯಾದರೆ ವಿನಾಯಿತಿ ಸಿಗಬಹುದು. ಸಿಗಬಹುದೆಂಬುದನ್ನು ನಂಬಿ ಕೂರುವುದಕ್ಕಿಂತ ಪರೀಕ್ಷೆ ಬರೆಯುವುದೇ ಬೇಗ. ಇನ್ನೊಂದು ಕಡೆಯಿಂದ ನೋಡಿದರೆ, ಜರ್ಮನ್ ಪ್ರಜೆಯ ಸಂಗಾತಿಗೆ ಸಾಮಾನ್ಯವಾಗಿ ಆದಾಯದ ಷರತ್ತಿಲ್ಲ. ಬ್ರಿಟನ್ನಿಗೆ ಹೋಗುವವರಿಗೆ 2024ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 29,000 ಪೌಂಡ್. ಅಲ್ಲಿ ದುಡ್ಡು, ಇಲ್ಲಿ ವ್ಯಾಕರಣ.

ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯ್ತೆ ಸಂಸ್ಥೆಯ ಲೆಕ್ಕದಲ್ಲಿ ಎ1ಗೆ 45 ನಿಮಿಷದ 80ರಿಂದ 200 ಪಾಠಗಳು ಬೇಕು. ಬೆಂಗಳೂರಿನಲ್ಲಿ ಆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಇಂದಿರಾನಗರದಲ್ಲಿದೆ. ಪಾಠ ಎಲ್ಲಿ ಕಲಿತರೂ ಸರಿ, ಪ್ರಮಾಣಪತ್ರ ಮಾತ್ರ ಕಾನ್ಸುಲೇಟು ಒಪ್ಪುವ ಸಂಸ್ಥೆಯದ್ದಿರಬೇಕು. ಬೀದಿಯ ಕೋಚಿಂಗ್ ಸೆಂಟರ್ ಕೊಡುವ ‘ಎ1 ಸರ್ಟಿಫಿಕೇಟ್’ ಗೋಡೆಗೆ ತಗುಲಿಹಾಕಲು ಸರಿ. ಪರೀಕ್ಷೆಯ ಸೀಟು ಬೇಗ ಮುಗಿಯುತ್ತದೆ, ಪಾಠ ಅರ್ಧವಾಗುವಾಗಲೇ ದಿನಾಂಕ ಕಾದಿರಿಸಿ.

ಗೊಯ್ತೆ ಪರೀಕ್ಷೆ ಕೇಳುವುದು 20 ನಿಮಿಷ, ಓದುವುದು 25, ಬರೆಯುವುದು 20, ಮಾತು 15. ಪಾಸಾಗಲು 100ಕ್ಕೆ 60. ಬರೆಯುವುದರಲ್ಲಿ ಒಂದು ಫಾರ್ಮ್ ತುಂಬಬೇಕು, ಸುಮಾರು 30 ಪದದ ಪತ್ರ ಬರೆಯಬೇಕು. ಪತ್ರಕ್ಕೆ ಕೊಟ್ಟ ಮೂರು ಅಂಶಗಳಲ್ಲಿ ಒಂದನ್ನು ಬಿಟ್ಟರೆ ವ್ಯಾಕರಣ ಎಷ್ಟೇ ಚೆನ್ನಾಗಿದ್ದರೂ ಅಂಕ ಹೋಗುತ್ತದೆ. ಕೇಳುವುದರಲ್ಲಿ ಮೊದಲ ಮತ್ತು ಮೂರನೆಯ ಭಾಗವನ್ನು ಎರಡು ಸಲ ಕೇಳಿಸುತ್ತಾರೆ, ನಡುವಿನ ಪ್ರಕಟಣೆಗಳನ್ನು ಒಂದೇ ಸಲ. ಆ ಒಂದು ಸಲದಲ್ಲೇ ರೈಲಿನ ಪ್ಲಾಟ್‌ಫಾರಂ ನಂಬರು ತಪ್ಪುವುದು. ನಾವು ‘ಇಪ್ಪತ್ತೊಂದು’ ಎನ್ನುತ್ತೇವೆ, ಅವರು ‘ಒಂದು-ಮತ್ತು-ಇಪ್ಪತ್ತು’ ಎನ್ನುತ್ತಾರೆ. 54 ಎಂದು ಬರೆಯಬೇಕಾದಲ್ಲಿ 45 ಬರೆದವರು ಎಷ್ಟೋ ಜನ. ದಿನಾ ಹತ್ತು ಫೋನ್ ನಂಬರನ್ನು ಜೋರಾಗಿ ಹೇಳಿಸಿ ಬರೆದುಕೊಂಡರೆ ಎರಡು ವಾರದಲ್ಲಿ ಕಿವಿ ಹಿಡಿತಕ್ಕೆ ಬರುತ್ತದೆ.

ಮಾತಿನ ಪರೀಕ್ಷೆಯಲ್ಲಿ ಪರಿಚಯ ಹೇಳಿದ ಮೇಲೆ ಹೆಸರಿನ ಅಥವಾ ಊರಿನ ಅಕ್ಷರ ಬಿಡಿಸಿ ಹೇಳಿಸುತ್ತಾರೆ. ಇಂಗ್ಲಿಷಿನ ರೂಢಿ ಅಡ್ಡ ಬರುವುದು ಇಲ್ಲೇ. ಜರ್ಮನ್ನಿನಲ್ಲಿ ‘ಎ’ ಅಕ್ಷರ ‘ಆ’, ‘ಇ’ ಅಕ್ಷರ ‘ಏ’, ‘ಐ’ ಅಕ್ಷರ ‘ಈ’. ನಮ್ಮ ‘ವಿಜಯಾ’ ಅಲ್ಲಿ ಫೌ, ಈ, ಯೊಟ್, ಆ, ಉಪ್ಸಿಲೊನ್, ಆ. ನಿಮ್ಮ ಹೆಸರು, ಊರು, ಬೀದಿಯನ್ನು ಹೀಗೆ ಬಾಯಿಪಾಠ ಮಾಡಿ, ಜರ್ಮನಿಗೆ ಹೋದ ಮೇಲೂ ಫೋನಿನಲ್ಲಿ ದಿನಾ ಬೇಕಾಗುತ್ತದೆ. ಕನ್ನಡದವರಿಗೆ ಹ್ರಸ್ವ ದೀರ್ಘಗಳ ಭೇದ ಹುಟ್ಟಿನಿಂದ ಬಂದಿರುವುದರಿಂದ ಜರ್ಮನ್ ಸ್ವರಗಳು ಬೇಗ ಹತ್ತುತ್ತವೆ. ಲಿಂಗವೇ ಗುದ್ದಾಟ. ನಮಗೆ ಮನುಷ್ಯರಲ್ಲದ್ದೆಲ್ಲ ಹೆಚ್ಚೂಕಡಿಮೆ ನಪುಂಸಕ. ಅಲ್ಲಿ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ. ತರ್ಕ ಹುಡುಕಬೇಡಿ, ಪದದ ಜೊತೆ ಲಿಂಗವನ್ನೂ ಸೇರಿಸಿಯೇ ನೆನಪಿಡಿ.

ಪ್ರಮಾಣಪತ್ರ ಬಂತೆಂದು ಪುಸ್ತಕ ಮಡಚಿಡಬೇಡಿ. ಅರ್ಜಿ ಕೊಡುವಾಗ ಜರ್ಮನ್ನಿನಲ್ಲಿ ಎರಡು ಸರಳ ಪ್ರಶ್ನೆಗೂ ಉತ್ತರ ಬರದಿದ್ದರೆ ಪ್ರಮಾಣಪತ್ರದ ಮೇಲೇ ಅನುಮಾನ ಏಳಬಹುದು.

ಅರ್ಜಿ, ನಂತರ

ಕರ್ನಾಟಕ, ಕೇರಳದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ. ಅಲ್ಲಿಂದ ಕಡತ ಸಂಗಾತಿ ವಾಸವಿರುವ ಊರಿನ ವಿದೇಶಿಯರ ಕಚೇರಿಗೆ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆಗೆ ಹೋಗುತ್ತದೆ. ನಿಜವಾದ ಕಾಯುವಿಕೆ ಅಲ್ಲಿ. ದೊಡ್ಡ ನಗರಗಳ ಕಚೇರಿ ನಿಧಾನ. ಆ ಕಚೇರಿ ಸಂಗಾತಿಯನ್ನು ಕರೆದು ಮನೆಯ ಬಾಡಿಗೆ ಕರಾರು, ವಾಸದ ನೋಂದಣಿ ಕೇಳುತ್ತದೆ. ಆ ಪತ್ರ ಬಂದ ದಿನವೇ ಉತ್ತರಿಸಿದರೆ ವಾರಗಳು ಉಳಿಯುತ್ತವೆ. ಫೋಟೊ 35×45 ಮಿಲಿಮೀಟರ್, ಬರೀ ಬಿಂದಿ ತೊಂದರೆಯಿಲ್ಲ, ಮುಖಕ್ಕೆ ಅಡ್ಡ ಬರುವ ಆಭರಣ ಬೇಡ. ಇಳಿಯುವ ದಿನದಿಂದ ಅನ್ವಯಿಸುವ ಆರೋಗ್ಯ ವಿಮೆ ಬೇಕು. ಕನ್ನಡದಲ್ಲಷ್ಟೇ ಇರುವ ಜನನ ಪ್ರಮಾಣಪತ್ರಕ್ಕೆ ಅನುವಾದ ಮಾಡಿಸಿ, ಅನುವಾದಕರಿಗೆ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಂತೆಯೇ ಇರಬೇಕೆಂದು ಬರೆದುಕೊಡಿ.

ಮದುವೆ ನಿಜವೇ ಎಂಬ ಅನುಮಾನ ಬಂದರೆ ಇಬ್ಬರನ್ನೂ ಒಂದೇ ಹೊತ್ತಿಗೆ, ನಿಮ್ಮನ್ನು ಬೆಂಗಳೂರಿನಲ್ಲಿ, ಅವರನ್ನು ಅವರೂರಿನಲ್ಲಿ, ಒಂದೇ ಪ್ರಶ್ನೆಪಟ್ಟಿಯಿಂದ ಕೇಳುತ್ತಾರೆ. ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಅತ್ತಿಗೆಯ ಹೆಸರೇನು, ಮದುವೆಗೆ ಯಾರು ಬಂದಿದ್ದರು, ಸಂಗಾತಿ ದಿನಾ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತಾರೆ. ಉತ್ತರ ಹೊಂದಿಸಿಕೊಂಡು ಹೋದವರೇ ಹೆಚ್ಚು ಸಿಕ್ಕಿಬೀಳುವುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ತಪ್ಪಲ್ಲ.

ಇಳಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಆನ್‌ಮೆಲ್ಡುಂಗ್. ಮನೆ ಮಾಲೀಕರ ಸಹಿಯ ಪತ್ರ ಜೊತೆಗಿರಲಿ, ಬಾಡಿಗೆ ಕರಾರು ಮಾತ್ರ ಸಾಲದು. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರೂ ಅಂಟಿಸಿ. ತೆರಿಗೆ ಸಂಖ್ಯೆ, ಬ್ಯಾಂಕ್ ಪಿನ್ ಎಲ್ಲ ಅಂಚೆಯಲ್ಲೇ ಬರುವುದು, ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಹಾಕುವುದಿಲ್ಲ. ಸಂಗಾತಿ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿದ್ದರೆ ನೀವು ಕುಟುಂಬ ವಿಮೆಯಲ್ಲಿ ದುಡ್ಡಿಲ್ಲದೆ ಸೇರಬಹುದು, ನಿಮ್ಮ ಸ್ವಂತ ಆದಾಯ ಮಿತಿಯೊಳಗಿದ್ದರೆ. 2025ರಲ್ಲಿ ಆ ಮಿತಿ ತಿಂಗಳಿಗೆ 535 ಯೂರೋ ಇತ್ತು. ಸಂಗಾತಿ ಖಾಸಗಿ ವಿಮೆಯಲ್ಲಿದ್ದರೆ ಈ ಸೌಲಭ್ಯವಿಲ್ಲ, ನಿಮಗೆ ಬೇರೆಯೇ ಪಾಲಿಸಿ. ಮದುವೆಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು, ಯಾರೂ ಕೇಳುವುದಿಲ್ಲ.

ವಾಸದ ಪರವಾನಗಿಯ ಕಾರ್ಡಿನ ಮೇಲೆ ಯಾವ ಕೆಲಸವನ್ನಾದರೂ ಮಾಡಬಹುದೆಂದು ಬರೆದಿರುತ್ತದೆ. ಕಾರ್ಡು ಬರುವ ಮುಂಚೆ ವೀಸಾ ಮುಗಿಯುವಂತಿದ್ದರೆ ಮುಗಿಯುವ ಮೊದಲೇ ಅರ್ಜಿ ಹಾಕಿ ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಕಾಗದ ಪಡೆಯಿರಿ. ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ. ಜರ್ಮನಿಯ ವಾಸದ ಕಾಯಿದೆಯ ಕಲಂ 81ರ ಉಪಕಲಂ 4 ಎಂದಿದ್ದರೆ ಊರಿಗೆ ಬಂದು ವಾಪಸು ಹೋಗಬಹುದು. ಉಪಕಲಂ 3 ಎಂದಿದ್ದರೆ ಆ ಕಾಗದದ ಬಲದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಸಾವು ನೋವೆಂದು ಅದೇ ರಾತ್ರಿ ಹೊರಡುವವರು ಈ ಚೌಕ ನೋಡದೆ ಹೊರಟು ಇಲ್ಲೇ ಉಳಿಯಬೇಕಾಗುತ್ತದೆ.

ಭಾಷೆ ಮುಂದುವರಿಸಲು 600 ಗಂಟೆ ಭಾಷಾಪಾಠ, 100 ಗಂಟೆ ದೇಶಪರಿಚಯದ ಸರ್ಕಾರಿ ಕೋರ್ಸಿದೆ. ಮೂರು ವರ್ಷ ಕಳೆದು, ಎ1ಗಿಂತ ಎರಡು ಮೆಟ್ಟಿಲು ಮೇಲಿನ ಬಿ1 ಮಟ್ಟದ ಭಾಷೆ ಇದ್ದರೆ ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಪೌರತ್ವಕ್ಕೂ ಜರ್ಮನ್ ಪ್ರಜೆಯ ಸಂಗಾತಿಗೆ ಮೂರು ವರ್ಷದ ವಾಸ ಸಾಕು. 2024ರ ಜೂನ್ 27ರಿಂದ ಜರ್ಮನಿ ಹಳೆ ಪೌರತ್ವ ಬಿಡಿ ಎನ್ನುವುದಿಲ್ಲ. ಬಿಡಿಸುವುದು ಭಾರತ: ಬೇರೆ ಪೌರತ್ವ ಪಡೆದೊಡನೆ ಭಾರತದ್ದು ತಾನಾಗಿಯೇ ಹೋಗುತ್ತದೆ, ಪಾಸ್‌ಪೋರ್ಟು ಒಪ್ಪಿಸಿ ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡು ಮಾಡಿಸಿಕೊಳ್ಳಬೇಕು.

ಮದುವೆ ಮುರಿದರೆ? ಜರ್ಮನಿಯಲ್ಲಿ ಮೂರು ವರ್ಷ ಒಟ್ಟಿಗೆ ಬಾಳಿದ್ದರೆ ನಿಮ್ಮ ವಾಸದ ಹಕ್ಕು ಸಂಗಾತಿಯನ್ನು ಅವಲಂಬಿಸಿರುವುದಿಲ್ಲ. ಅದಕ್ಕೂ ಮುಂಚೆ ಹೊಡೆತ ಬಡಿತ, ಹಿಂಸೆಯಿದ್ದರೆ ಆ ಮೂರು ವರ್ಷದ ಷರತ್ತನ್ನು ಕೈಬಿಡಲು ಕಾನೂನಿನಲ್ಲೇ ಅವಕಾಶವಿದೆ. ‘ನನ್ನನ್ನು ಬಿಟ್ಟರೆ ನಿನ್ನ ವೀಸಾ ಹೋಗುತ್ತೆ’ ಎಂಬ ಬೆದರಿಕೆ ಪೂರ್ತಿ ನಿಜವಲ್ಲ. ಹೆಣ್ಣುಮಕ್ಕಳ ಮೇಲಿನ ಹಿಂಸೆಗೆ ಜರ್ಮನಿಯ ಉಚಿತ ಸಹಾಯವಾಣಿ 116 016, ಹಗಲು ರಾತ್ರಿ ತೆರೆದಿರುತ್ತದೆ, ಇಂಗ್ಲಿಷಿನಲ್ಲೂ ಮಾತಾಡಬಹುದು. ಪಾಸ್‌ಪೋರ್ಟು, ಮದುವೆ ಪ್ರಮಾಣಪತ್ರದ ಪ್ರತಿಗಳು ನಿಮ್ಮದೇ ಇಮೇಲಿನಲ್ಲಿರಲಿ.

ಹೊರಡುವ ಮುಂಚೆ ಊರಲ್ಲಿ

ಬ್ಯಾಂಕಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆಯಾಗಿ ಮಾಡಿಸಬೇಕು, ಹಾಗೇ ಬಿಡುವುದು ವಿದೇಶಿ ವಿನಿಮಯದ ಕಾಯಿದೆಯಾದ ಫೆಮಾದ ನಿಯಮಕ್ಕೆ ವಿರುದ್ಧ. ಇಲ್ಲಿನ ಸಿಮ್ ಜೀವಂತವಿರಲಿ; ಒಟಿಪಿ ಬರದಿದ್ದರೆ ಆಧಾರ್, ಬ್ಯಾಂಕು, ತೆರಿಗೆ ಎಲ್ಲದರ ಬಾಗಿಲೂ ಮುಚ್ಚುತ್ತದೆ. ಜಮೀನು, ಸೈಟು ಪಾಲಾಗುವುದಿದ್ದರೆ ಹೋಗುವ ಮುಂಚೆಯೇ ಇಲ್ಲಿ ಅಧಿಕಾರಪತ್ರ ನೋಂದಣಿ ಮಾಡಿಸಿ. ಆಮೇಲೆ ಜರ್ಮನಿಯಿಂದ ಮಾಡಬೇಕೆಂದರೆ ಬರ್ಲಿನ್ನಿನ ರಾಯಭಾರ ಕಚೇರಿಗೋ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್ ಕಾನ್ಸುಲೇಟಿಗೋ ಹೋಗಿ ದೃಢೀಕರಿಸಿ, ಅದು ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನೆಲೆಸಿದ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಲಿಖಿತ ಮತ್ತು ಓಡಿಸುವ ಪರೀಕ್ಷೆ ಎರಡೂ.

ಸೂಟ್‌ಕೇಸಿನ ವಿಷಯ ಅಮ್ಮಂದಿರಿಗೆ ಮೊದಲೇ ಹೇಳಿಡಿ. ತುಪ್ಪ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ಹಾಲಿನ ಪದಾರ್ಥ ನಿಷಿದ್ಧ. ಹಸಿ ಕರಿಬೇವು, ವೀಳ್ಯದೆಲೆಯನ್ನು ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ಆ ಪ್ರಮಾಣಪತ್ರ ಬೇಡವೆಂದು ಬಿಟ್ಟಿರುವ ಹಣ್ಣುಗಳು ಐದೇ: ಅನಾನಸ್, ಬಾಳೆ, ಖರ್ಜೂರ, ಡ್ಯೂರಿಯನ್, ತೆಂಗಿನಕಾಯಿ. ಮಡಿಲು ತುಂಬಿದ ಕಾಯಿ ದಾಟುತ್ತದೆ, ಜೊತೆಯ ಎಲೆ ದಾಟುವುದಿಲ್ಲ.